ವೋಚರ್ ಇಲ್ಲದ ಜಮಾ

ನಾನು ಲೆಕ್ಕ ಬರೆಯುವವಳು. 22 ವರ್ಷದಿಂದ ಇದೇ ಕೆಲಸ. ಬೇರೆಯವರ ಜಮಾ, ಬೇರೆಯವರ ಖರ್ಚು, ಬೇರೆಯವರ ಬಾಕಿ. ಯಾರದ್ದಾದರೂ ಖಾತೆಗೆ ಒಂದು ಮೊತ್ತ ಜಮಾ ಆಗಿದ್ದರೆ ನಾನು ಮೊದಲು ಕೇಳುವುದು, ವೋಚರ್ ಎಲ್ಲಿ, ಅಂದರೆ ಅದಕ್ಕೆ ಆಧಾರದ ಚೀಟಿ ಎಲ್ಲಿ? ಆಮೇಲೆ ಕೇಳುವುದು, ತಾರೀಖು ಎಷ್ಟು? ಈ ಎರಡು ಪ್ರಶ್ನೆ ಕೇಳಿ ಕೇಳಿ ಮನೆಯಲ್ಲೂ ಅದೇ ಚಾಳಿ ಅಂಟಿಕೊಂಡಿದೆ.

ಅಮ್ಮ ಹಾಸಿಗೆ ಹಿಡಿದಾಗ ಒಂದು ನೋಟ್‌ಬುಕ್ ತಂದಿಟ್ಟುಕೊಂಡೆ. ಯಾವ ಮಾತ್ರೆ, ಎಷ್ಟು ಗಂಟೆಗೆ, ಬಿಪಿ ಎಷ್ಟು, ಎಷ್ಟು ಲೋಟ ನೀರು ಕುಡಿದಳು, ರಾತ್ರಿ ಎಷ್ಟು ಸಲ ಎದ್ದಳು. ಎಲ್ಲಕ್ಕೂ ಗೆರೆ ಎಳೆದು ಕಾಲಂ ಮಾಡಿದ್ದೆ. ಡಾಕ್ಟರು ನೋಡಿ ಖುಷಿಪಟ್ಟರು. ನನಗೂ ಒಳಗೊಳಗೇ ಹೆಮ್ಮೆ.

ಅದೇ ಪುಸ್ತಕವನ್ನು ತಿರುವಿ ಹಿಂದಿನಿಂದ ತೆರೆದರೆ ಇನ್ನೊಂದು ಲೆಕ್ಕ ಇತ್ತು. ನನ್ನ ತಮ್ಮನದು. ಅವನು ಫೋನ್ ಮಾಡಿದ ದಿನ, ಬಂದುಹೋದ ದಿನ. ‘ಮಾರ್ಚ್: ಇಲ್ಲ. ಏಪ್ರಿಲ್: ಒಂದು ಸಲ, ಮೂರು ನಿಮಿಷ. ಮೇ: ಇಲ್ಲ.’ ಯಾರಿಗೂ ತೋರಿಸುವುದಕ್ಕಲ್ಲ, ಸುಮ್ನೆ ಬರೆದಿಟ್ಟಿರೋದು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಲೆಕ್ಕದವರಿಗೆ ಗೊತ್ತಿರುವ ಒಂದು ವಿಷಯ ಇದೆ. ಮುಂದೆ ಒಂದು ದಿನ ಆಡಿಟ್ ಆಗುತ್ತದೆ ಅನ್ನುವ ನಿರೀಕ್ಷೆ ಇಲ್ಲದೆ ಯಾರೂ ಪುಸ್ತಕ ಬರೆಯುವುದಿಲ್ಲ. ನನ್ನ ಮನಸ್ಸಿನಲ್ಲಿ ಆಡಿಟರ್ ಯಾರು ಅನ್ನುವುದು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಭಾನುವಾರ ಬಂದರೆ ನಾನು ಚರ್ಚಿನಲ್ಲಿ ಕೂರುವವಳು. ‘ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಒಳ್ಳೆಯ ಕೆಲಸಗಳಿಂದಲ್ಲ, ನಂಬಿಕೆಯಿಂದ’ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕೇಳಿದಾಗೆಲ್ಲ ಆಮೆನ್ ಅಂದಿದ್ದೇನೆ. ಮನೆಗೆ ಬಂದು ಅದೇ ಕೈಯಲ್ಲಿ ಪುಸ್ತಕದ ಹಿಂಬದಿ ತೆರೆದು ‘ಇಲ್ಲ’ ಅಂತ ಬರೆದಿದ್ದೇನೆ. ಎರಡಕ್ಕೂ ಜಗಳವೇ ಆಗಲಿಲ್ಲ. ಒಂದು ತಲೆಯಲ್ಲಿ, ಇನ್ನೊಂದು ಪುಸ್ತಕದಲ್ಲಿ. ಆರಾಮಾಗಿದ್ದವು.

ಕೊನೆಯ ಕೆಲವು ವಾರಗಳಲ್ಲಿ ತಮ್ಮ ಬಂದ. ಬಾಗಿಲಲ್ಲಿ ಬ್ಯಾಗ್ ಇಳಿಸಿ ನೇರ ಅಮ್ಮನ ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತ. ನಾನು ಅಮ್ಮನಿಗೆ ಮೈ ಒರೆಸಿ, ಬೇಸಿನ್ ಹಿಡಿದುಕೊಂಡು ಹೊರಗೆ ಬರುತ್ತಿದ್ದೆ. ಅಮ್ಮನ ಬಲಗೈ ಎದೆಯ ಮೇಲಕ್ಕೆ ಏಳುತ್ತಿಲ್ಲ ಅಂತ ಆ ವಾರವಷ್ಟೇ ನಾನು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಆ ಕೈ ಎದ್ದಿತು. ನಿಧಾನವಾಗಿ, ನಡುಗುತ್ತಾ, ಅವನ ತಲೆಯವರೆಗೆ ಹೋಗಿ ಕೂದಲಲ್ಲಿ ಕೂತಿತು. ಬೇಸಿನ್ನಿನ ನೀರು ನನ್ನ ಕಾಲ ಮೇಲೆ ಚೆಲ್ಲಿತು. ನಾನು ಅಲ್ಲೇ ನಿಂತಿದ್ದೆ. ಇಷ್ಟು ದಿನ ಮೈ ಒರೆಸಿದವಳಿಗೆ ಆ ಕೈ ಒಂದು ಸಲವೂ ಎದ್ದಿರಲಿಲ್ಲ.

ಅವತ್ತು ರಾತ್ರಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದೆ. ಸಮಾಧಾನಕ್ಕೆ ಅಂತ ಅಲ್ಲ. ನನ್ನ ಪರವಾಗಿ ಏನಾದರೂ ಸಿಗುತ್ತದಾ ಅಂತ. ಆಸ್ತಿ ಹಾಳುಮಾಡಿ ಮನೆಗೆ ಬಂದ ಕಿರಿಯ ಮಗನಿಗೆ ಅಪ್ಪ ಔತಣ ಮಾಡಿಸಿದ ಕಥೆ ಎಲ್ಲರಿಗೂ ಗೊತ್ತು. ನಾನು ಓದಿದ್ದು ಹಿರಿಯವನ ಮಾತನ್ನು. ಇಷ್ಟು ವರ್ಷ ನಿನಗೆ ದುಡಿದಿದ್ದೇನೆ, ಒಂದು ಸಲವೂ ನಿನ್ನ ಮಾತು ಮೀರಲಿಲ್ಲ, ನನಗೆ ಒಂದು ಮೇಕೆಮರಿಯನ್ನಾದರೂ ಕೊಟ್ಟೆಯಾ ಅಂತ ಅವನು ಅಪ್ಪನನ್ನು ಕೇಳುತ್ತಾನೆ. ಮೂಲದ ಗ್ರೀಕಿನಲ್ಲಿ ಆ ‘ದುಡಿದೆ’ ಅನ್ನುವುದಕ್ಕೆ ಇರುವುದು ಗುಲಾಮರ ದುಡಿಮೆಗೆ ಹೇಳುವ ಪದ. ಸ್ವಂತ ಮನೆಯಲ್ಲಿ, ಸ್ವಂತ ಅಪ್ಪನ ಹತ್ತಿರ, ಇವನು ಇಷ್ಟು ವರ್ಷ ತನ್ನನ್ನು ಕೂಲಿಯವನು ಅಂತಲೇ ಅಂದುಕೊಂಡಿದ್ದ. ಕೂಲಿ ಬಾಕಿ ಇದೆ ಅಂತ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ. ಇನ್ನೊಂದು ಗಮನಿಸಿದೆ. ಅವನು ‘ನನ್ನ ತಮ್ಮ’ ಅನ್ನುವುದಿಲ್ಲ, ‘ನಿನ್ನ ಈ ಮಗ’ ಅನ್ನುತ್ತಾನೆ. ಎದ್ದು ಹೋಗಿ ನನ್ನ ನೋಟ್‌ಬುಕ್ ನೋಡಿದೆ. ಹಿಂಬದಿಯ ಪುಟಗಳಲ್ಲಿ ಎಲ್ಲೂ ತಮ್ಮನ ಹೆಸರಿಲ್ಲ. ಬರೀ ‘ಅವನು’.

ಕಥೆಯಲ್ಲಿ ಇರುವುದು ಅಣ್ಣ, ನಾನು ಅಕ್ಕ. ವ್ಯತ್ಯಾಸ ಅಷ್ಟೇ.

ಆ ರಾತ್ರಿಯಿಂದ ಶುರುವಾಗಿ ಸುಮಾರು ದಿನ, ಅಪೊಸ್ತಲ ಪೌಲ ಬರೆದ, ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿರುವ ಪತ್ರಿಕೆಗಳನ್ನು ಲೆಕ್ಕದವಳ ಕಣ್ಣಿನಲ್ಲಿ ಓದಿದೆ. ಅಮ್ಮನ ಪಕ್ಕದ ಕುರ್ಚಿಯಲ್ಲಿ, ಅವಳು ನಿದ್ದೆಹೋದಾಗ. ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯ ಅಕ್ಷರಶಃ ನಮ್ಮ ವೃತ್ತಿಯ ಭಾಷೆ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ‘ಎಣಿಸು’, ‘ಲೆಕ್ಕಕ್ಕೆ ಹಿಡಿ’ ಅನ್ನುವ ಅರ್ಥದ ಒಂದೇ ಗ್ರೀಕ್ ಕ್ರಿಯಾಪದ ಆ ಒಂದು ಅಧ್ಯಾಯದಲ್ಲಿ 11 ಸಲ ಬರುತ್ತದೆ. ವ್ಯಾಪಾರದ ಪುಸ್ತಕಗಳಲ್ಲೂ ಓಡಾಡುತ್ತಿದ್ದ ಪದ ಅದು. ಪೌಲ ಹೇಳುವುದೂ ಅದನ್ನೇ. ಕೆಲಸ ಮಾಡಿದವನಿಗೆ ಕೊಡುವ ಕೂಲಿಯನ್ನು ಯಾರೂ ಉಡುಗೊರೆ ಅನ್ನುವುದಿಲ್ಲ, ಅದು ಕೊಡಬೇಕಾದ ಬಾಕಿ. ಆದರೆ ಅಬ್ರಹಾಮನ ಖಾತೆಗೆ ‘ನೀತಿ’ ಅಂತ ಜಮಾ ಆದದ್ದು ಕೂಲಿಯಾಗಿ ಅಲ್ಲ. ಅವನು ದೇವರನ್ನು ನಂಬಿದ, ಅದನ್ನೇ ನೀತಿ ಅಂತ ಎಣಿಸಲಾಯಿತು. ಮಾಡಿದ ಕೆಲಸಕ್ಕೆ ವೋಚರ್ ಅಂತ ಒಂದು ಚೀಟಿಯೂ ಇಲ್ಲ.

ಆಮೇಲೆ ಪೌಲ ತಾರೀಖು ನೋಡುತ್ತಾನೆ! ಇಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಈ ಜಮಾ ಯಾವಾಗ ಆಯಿತು, ಸುನ್ನತಿಗೆ ಮುಂಚೆಯಾ ಆಮೇಲಾ ಅಂತ ಕೇಳುತ್ತಾನೆ. ಅಬ್ರಹಾಮನ ಕಥೆ ಇರುವ, ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡ ತೆಗೆದು ನಾನೇ ತಾಳೆ ನೋಡಿದೆ. ‘ನೀತಿಯೆಂದು ಎಣಿಸಿದನು’ ಅನ್ನುವುದು 15ನೇ ಅಧ್ಯಾಯ. 16ನೇ ಅಧ್ಯಾಯದಲ್ಲಿ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ. ಸುನ್ನತಿ ಆಗುವುದು 17ನೇ ಅಧ್ಯಾಯದಲ್ಲಿ, 99ನೇ ವಯಸ್ಸಿಗೆ. ಅಂದರೆ ಕಡಿಮೆ ಅಂದರೂ 13 ವರ್ಷದ ಅಂತರ. ಮಗನನ್ನು ಯಜ್ಞಕ್ಕೆ ಕರೆದುಕೊಂಡು ಹೋಗುವ ಆ ದೊಡ್ಡ ಪರೀಕ್ಷೆ ಬರುವುದಂತೂ 22ನೇ ಅಧ್ಯಾಯದಲ್ಲಿ. ಜಮಾ ಮೊದಲು, ಕೆಲಸ ಆಮೇಲೆ. ನಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಬರೆದರೆ ನಾನು ಪುಸ್ತಕ ಮುಚ್ಚಿ ಮ್ಯಾನೇಜರ್ ಹತ್ತಿರ ಹೋಗುತ್ತೇನೆ.

ಅದಕ್ಕಿಂತ ಜಾಸ್ತಿ ಗಾಬರಿ ಹುಟ್ಟಿಸಿದ್ದು ಪೌಲನ ಅದೇ 4ನೇ ಅಧ್ಯಾಯದ ಐದನೆಯ ವಚನ. ದೇವರನ್ನು ಅಲ್ಲಿ ‘ಭಕ್ತಿಹೀನರನ್ನು ನೀತಿವಂತರೆಂದು ನಿರ್ಣಯಿಸುವವನು’ ಅಂತ ಕರೆದಿದೆ. ಇದು ನ್ಯಾಯಾಲಯದ ಮಾತು. ತೀರ್ಪು ಕೊಡುವವನು ಎದುರಿಗಿರುವವನನ್ನು ನಿರ್ದೋಷಿ ಅನ್ನುವುದು. ಆದರೆ ಬೈಬಲ್ಲಿನದೇ ಜ್ಞಾನೋಕ್ತಿ ಪುಸ್ತಕದ 17ನೇ ಅಧ್ಯಾಯ ಏನು ಹೇಳುತ್ತದೆ? ದುಷ್ಟನನ್ನು ನಿರ್ದೋಷಿ ಅನ್ನುವವನೂ ನೀತಿವಂತನನ್ನು ಅಪರಾಧಿ ಅನ್ನುವವನೂ ಇಬ್ಬರೂ ಕರ್ತನಿಗೆ ಅಸಹ್ಯ. ಹಾಗಾದರೆ ದೇವರು ತಾನೇ ಅಸಹ್ಯ ಅಂದದ್ದನ್ನು ತಾನೇ ಮಾಡುತ್ತಾನಾ? ಈ ಪ್ರಶ್ನೆ ನನ್ನನ್ನು ಸುಮಾರು ದಿನ ಬಿಡಲಿಲ್ಲ. ಕೃಪೆ ಕೃಪೆ ಅಂತ ಸಲೀಸಾಗಿ ಹೇಳುವವರಿಗೆ ಈ ತೊಡಕು ಕಾಣುವುದೇ ಇಲ್ಲವೇನೋ ಅಂತ ನನಗೆ ಅನುಮಾನ. ಕ್ಷಮಿಸಿಬಿಟ್ಟರಾಯಿತು ಅನ್ನುತ್ತಾರೆ. ಲೆಕ್ಕದಲ್ಲಿ ‘ಬಿಟ್ಟರಾಯಿತು’ ಅನ್ನುವುದು ಇಲ್ಲ.

ಬಾಕಿ ವಜಾ ಮಾಡುವುದನ್ನು ನಾನು ಎಷ್ಟೋ ಸಲ ಬರೆದಿದ್ದೇನೆ. ಸಾಲಗಾರನ ಹೆಸರಿನ ಮುಂದೆ ಶೂನ್ಯ ಬರುತ್ತದೆ. ಅವನು ನಿಟ್ಟುಸಿರು ಬಿಟ್ಟು ಹೋಗುತ್ತಾನೆ. ಆದರೆ ಮೊತ್ತ ಮಾಯವಾಗುವುದಿಲ್ಲ. ಅದು ಸಾಲ ಕೊಟ್ಟವನ ಪುಸ್ತಕದಲ್ಲಿ ನಷ್ಟ ಅಂತ ಹೋಗಿ ಕೂರುತ್ತದೆ. ಯಾರಾದರೂ ಹೊರಲೇಬೇಕು. ರೋಮಾಪುರದ ಪತ್ರಿಕೆಯ 3ನೇ ಅಧ್ಯಾಯದ ಕೊನೆಗೆ ಪೌಲ ಶಿಲುಬೆಯ ಬಗ್ಗೆ ಹೇಳುವುದು, ನನಗೆ ಅರ್ಥವಾದ ಮಟ್ಟಿಗೆ, ಇದನ್ನೇ. ದೇವರು ತಾನೂ ನೀತಿವಂತನಾಗಿ ಉಳಿಯಬೇಕು, ಯೇಸುವನ್ನು ನಂಬುವವನನ್ನೂ ನೀತಿವಂತನೆಂದು ನಿರ್ಣಯಿಸಬೇಕು. ನಷ್ಟವನ್ನು ತಾನೇ ಹೊತ್ತ. ವಜಾ ಆದದ್ದು ನನ್ನ ಖಾತೆಯಲ್ಲಿ, ಕೂತದ್ದು ಅವನ ಖಾತೆಯಲ್ಲಿ.

ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ನಾವು ಓದುವುದು ಕಡಿಮೆ. ಅದು ಒಂದೇ ಅಧ್ಯಾಯ, 25 ವಚನ. ಯಜಮಾನನಿಂದ ದೂರವಾಗಿದ್ದ ಒನೇಸಿಮ ಅನ್ನುವ ಗುಲಾಮನನ್ನು ಪೌಲ ವಾಪಸ್ ಕಳಿಸುತ್ತಿದ್ದಾನೆ. ಅವನು ನಿನಗೆ ಏನಾದರೂ ಅನ್ಯಾಯ ಮಾಡಿದ್ದರೆ, ಏನಾದರೂ ಬಾಕಿ ಇಟ್ಟಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು ಅನ್ನುತ್ತಾನೆ. ಮುಂದಿನ ವಾಕ್ಯದಲ್ಲಿ, ಪೌಲನಾದ ನಾನೇ ನನ್ನ ಕೈಯಿಂದ ಬರೆಯುತ್ತಿದ್ದೇನೆ, ನಾನೇ ತೀರಿಸುತ್ತೇನೆ ಅನ್ನುತ್ತಾನೆ. ಸಹಿ ಸಮೇತ! ನಾನು ಹುಡುಕುತ್ತಿದ್ದ ವೋಚರ್ ಹೇಗಿರುತ್ತದೆ ಅಂತ ಇಲ್ಲಿ ಗೊತ್ತಾಯಿತು. ಅದು ಇರುತ್ತದೆ. ಆದರೆ ಸಹಿ ಬೇರೆಯವರದ್ದು.

ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಾಗಾಗಿ ಉದ್ದಕ್ಕೆ ಹೋಗುವುದಿಲ್ಲ. 1505ರಲ್ಲಿ ಗುಡುಗು ಮಿಂಚಿಗೆ ಹೆದರಿ ಹರಕೆ ಹೊತ್ತು ಎರ್ಫುರ್ಟಿನ ಮಠ ಸೇರಿದವನು. 1517ರಲ್ಲಿ ಪಾಪವಿಮೋಚನೆಯ ಪತ್ರಗಳ ಮಾರಾಟವನ್ನು ಪ್ರಶ್ನಿಸಿ 95 ಪ್ರಮೇಯ ಬರೆದು ಯುರೋಪನ್ನೇ ಅಲ್ಲಾಡಿಸಿದವನು. ನನಗೆ ಹತ್ತಿರ ಅನ್ನಿಸುವುದು ಈ ಎರಡರ ನಡುವಿನ ಲೂಥರ್. ಪಾಪ ಒಪ್ಪಿಕೊಳ್ಳುವುದಕ್ಕೆ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲವಂತೆ. ಮುಗಿಸಿ ಹೊರಗೆ ಬಂದ ಮೇಲೆ ಇನ್ನೊಂದು ನೆನಪಾಗುತ್ತಿತ್ತು. ಅವನ ಹಿರಿಯರಾಗಿದ್ದ ಸ್ಟೌಪಿಟ್ಸ್‌ಗೆ ಇವನ ಮಾತು ಕೇಳಿ ಕೇಳಿ ಸಾಕಾಗುತ್ತಿತ್ತು. ಒಂದು ದಿನವೂ ಲೆಕ್ಕ ತಾಳೆಯಾಗದ ಮನುಷ್ಯ. ರಾತ್ರಿ ಎಂಟಾದರೂ ವ್ಯತ್ಯಾಸ ಹುಡುಕುತ್ತಾ ಆಫೀಸಿನಲ್ಲಿ ಕೂತಿರುವವರನ್ನು ನಾನು ನೋಡಿದ್ದೇನೆ. ಆ ಮುಖ ನನಗೆ ಗೊತ್ತು.

ಸಾಯುವ ಹಿಂದಿನ ವರ್ಷ, 1545ರಲ್ಲಿ, ಲೂಥರ್ ತನ್ನ ಲ್ಯಾಟಿನ್ ಬರಹಗಳಿಗೆ ಬರೆದ ಮುನ್ನುಡಿಯಲ್ಲಿ ‘ದೇವರ ನೀತಿ’ ಅನ್ನುವ ಪದವನ್ನು ತಾನು ಎಷ್ಟು ದ್ವೇಷಿಸುತ್ತಿದ್ದೆ ಅಂತ ಹೇಳಿಕೊಂಡಿದ್ದಾನೆ. ಆ ಪದ ಕೇಳಿದರೆ ಅವನಿಗೆ ಕಾಣುತ್ತಿದ್ದದ್ದು ಶಿಕ್ಷೆ ಕೊಡುವ ನ್ಯಾಯಾಧೀಶ. ‘ನೀತಿವಂತನು ನಂಬಿಕೆಯಿಂದ ಬದುಕುವನು’ ಅನ್ನುವ ಮಾತಿನ ಜೊತೆ ಹಗಲೂ ರಾತ್ರಿ ಗುದ್ದಾಡಿದ ಮೇಲೆ ಅದು ಬೇರೆ ಥರ ಕಂಡಿತು. ದೇವರು ನಮ್ಮಿಂದ ವಸೂಲಿ ಮಾಡುವ ನೀತಿಯಲ್ಲ, ನಮಗೆ ಕೊಡುವ ನೀತಿ. ಅದೇ ಪದ, ಅದೇ ಅಕ್ಷರ. ಖಾತೆಯ ಎಡಗಡೆ ಇದ್ದದ್ದು ಬಲಗಡೆಗೆ ಹೋಯಿತು.

1522ರಲ್ಲಿ ಜರ್ಮನ್‌ಗೆ ಹೊಸ ಒಡಂಬಡಿಕೆ ಅನುವಾದಿಸುವಾಗ ರೋಮಾಪುರ 3:28ರಲ್ಲಿ ‘ನಂಬಿಕೆಯಿಂದ’ ಅನ್ನುವುದಕ್ಕೆ ಅವನು ಮೂಲದಲ್ಲಿ ಇಲ್ಲದ ‘ಮಾತ್ರ’ ಅನ್ನುವ ಪದ ಸೇರಿಸಿದ್ದಕ್ಕೆ ದೊಡ್ಡ ಗಲಾಟೆಯಾಯಿತು. ಜರ್ಮನ್ ಭಾಷೆಯ ಜಾಯಮಾನವೇ ಅದನ್ನು ಕೇಳುತ್ತದೆ ಅಂತ ಅವನ ವಾದ. ಕನ್ನಡದಲ್ಲಿ ನಮಗೆ ಒಂದು ಪದವೂ ಬೇಡ. ‘ನಂಬಿಕೆಯಿಂದ’ ಅನ್ನುವುದಕ್ಕೆ ಒಂದು ‘ಲೇ’ ಹಚ್ಚಿದರೆ ಮುಗಿಯಿತು. ನಂಬಿಕೆಯಿಂದಲೇ. ಇಡೀ ಜಗಳವನ್ನು ಒಂದು ಅಕ್ಷರದಲ್ಲಿ ಹಿಡಿದಿಡುವ ಭಾಷೆ ನಮ್ಮದು.

ತಮಾಷೆ ಅಂದರೆ ‘ನಂಬಿಕೆ ಮಾತ್ರದಿಂದ’ ಅನ್ನುವ ಮಾತು ಬೈಬಲ್ಲಿನ ಮೂಲದಲ್ಲಿ ಬರುವುದು ಒಂದೇ ಕಡೆ, ಯಾಕೋಬನ ಪತ್ರಿಕೆಯ 2:24ರಲ್ಲಿ. ಅಲ್ಲಿ ಅದರ ಜೊತೆ ‘ಅಲ್ಲ’ ಅಂತ ಇದೆ! ಮನುಷ್ಯನು ನೀತಿವಂತನೆಂದು ನಿರ್ಣಯಿಸಲ್ಪಡುವುದು ಕ್ರಿಯೆಗಳಿಂದ, ನಂಬಿಕೆ ಮಾತ್ರದಿಂದಲ್ಲ. ಲೂಥರ್‌ಗೆ ಈ ಪತ್ರಿಕೆ ಕಂಡರೆ ಅಷ್ಟಕ್ಕಷ್ಟೆ. ‘ಹುಲ್ಲಿನ ಪತ್ರಿಕೆ’ ಅಂದುಬಿಟ್ಟಿದ್ದ. ನನಗೆ ಹಾಗನ್ನಿಸುವುದಿಲ್ಲ. ಯಾಕೋಬನೂ ಅಬ್ರಹಾಮನ ಉದಾಹರಣೆಯನ್ನೇ ಕೊಡುತ್ತಾನೆ, ಆದರೆ 22ನೇ ಅಧ್ಯಾಯದ ಅಬ್ರಹಾಮ. ಪೌಲ ಕೇಳುವುದು ಜಮಾ ಹೇಗಾಯಿತು ಅಂತ. ಯಾಕೋಬ ಕೇಳುವುದು ಆ ಖಾತೆಯಲ್ಲಿ ನಿಜವಾಗಿ ಏನಾದರೂ ಇದೆಯಾ ಅಂತ. ಬಟ್ಟೆಯಿಲ್ಲದ ಅಣ್ಣತಮ್ಮಂದಿರಿಗೆ ‘ಬೆಚ್ಚಗಿರಿ’ ಅಂತ ಬಾಯಲ್ಲಿ ಹೇಳಿ ಕಳಿಸುವವರನ್ನು ಅವನು ತರಾಟೆಗೆ ತೆಗೆದುಕೊಳ್ಳುವುದು ನ್ಯಾಯವೇ. ಬರೀ ಬಾಯಿಮಾತಿನ ನಂಬಿಕೆ ಖಾಲಿ ಚೆಕ್‌ಬುಕ್ ಇದ್ದ ಹಾಗೆ.

ಈ ವಿಷಯದಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಶತಮಾನಗಟ್ಟಲೆ ಒಬ್ಬರನ್ನೊಬ್ಬರು ಖಂಡಿಸಿಕೊಂಡರು. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ತನ್ನ ತೀರ್ಮಾನ ಹೇಳಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಎರಡೂ ಕಡೆಯವರು ಕೂತು, ನಮ್ಮ ಯಾವ ಪುಣ್ಯದಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಅನ್ನುವ ಜಂಟಿ ಘೋಷಣೆಗೆ ಸಹಿ ಹಾಕಿದರು. ಎಲ್ಲ ವ್ಯತ್ಯಾಸ ಮುಗಿಯಿತು ಅಂತಲ್ಲ. ಆದರೂ ಅಷ್ಟು ಹಳೆಯ ಬಾಕಿಯನ್ನು ಮೇಜಿನ ಮೇಲಿಟ್ಟು ಮಾತಾಡುವುದು ಸಣ್ಣ ವಿಷಯವಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಏನಾಯಿತು ಅಂದರೆ ಹೊಸ ಕಾಲಂ ಶುರುವಾಯಿತು. ನಗಬೇಡಿ. ಒಳ್ಳೆಯ ಕೆಲಸ ಎಣಿಸುವುದನ್ನು ಬಿಟ್ಟು ನಂಬಿಕೆ ಎಣಿಸತೊಡಗಿದೆ. ಇವತ್ತು ನನ್ನ ನಂಬಿಕೆ ಸಾಕಾಗುವಷ್ಟಿದೆಯಾ? ಪ್ರಾರ್ಥನೆ ಮಾಡುವಾಗ ಮನಸ್ಸು ಎಲ್ಲೋ ಹೋಯಿತಲ್ಲ, ಅದು ಲೆಕ್ಕಕ್ಕೆ ಬರುತ್ತದಾ? ನಂಬಿಕೆಯೂ ಇನ್ನೊಂದು ಕೆಲಸವಾಗಿ, ಅದರ ಮುಂದೂ ‘ಇಲ್ಲ’ ಅಂತ ಬರೆಯುವ ಪರಿಸ್ಥಿತಿ ಬಂತು. ಹಳೆಯ ಚಾಳಿ ಹೆಸರು ಬದಲಾಯಿಸಿಕೊಂಡು ಬಂದು ಕೂತಿತ್ತು.

ಇದನ್ನು ಬಿಡಿಸಿದ್ದು ಪುಸ್ತಕವಲ್ಲ. ಅಮ್ಮನನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುವಾಗ ಪ್ರತಿದಿನ ಒಂದೇ ಕಷ್ಟ. ಅವಳಿಗೆ ಬೀಳುವ ಭಯ. ನಾನು ಕಂಕುಳಿಗೆ ಕೈ ಕೊಟ್ಟ ಕೂಡಲೇ ಎಡಗೈಯಲ್ಲಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಬೆರಳ ಗೆಣ್ಣು ಬೆಳ್ಳಗಾಗುವಷ್ಟು. ತಾನೂ ಕೈ ಹಚ್ಚುತ್ತಿದ್ದೇನೆ ಅಂತ ಅವಳ ಭಾವನೆ. ಅವಳು ಹಿಡಿದಿರುವ ತನಕ ನಾನು ಎಷ್ಟು ಎಳೆದರೂ ಮೇಲೇಳುತ್ತಿರಲಿಲ್ಲ. ‘ಹಿಡಿದದ್ದು ಬಿಡಮ್ಮ, ನಾನಿದ್ದೀನಲ್ಲ’ ಅನ್ನುತ್ತಿದ್ದೆ. ಒಂದು ಬೆಳಿಗ್ಗೆ ‘ನಿನ್ನನ್ನೇ ನಂಬಿಕೊಂಡಿದ್ದೀನಿ ಕಣೇ’ ಅಂತ ಹೇಳಿ ಬೆರಳು ಬಿಟ್ಟಳು. ಇಡೀ ಭಾರ ನನ್ನ ಭುಜದ ಮೇಲೆ ಬಂತು. ಎದ್ದಳು.

‘ನಂಬು’ ಬೇರೆ, ‘ನಂಬಿಕೊಂಡಿರು’ ಬೇರೆ. ಸುದ್ದಿ ನಂಬುತ್ತೇವೆ, ಮನುಷ್ಯರನ್ನು ನಂಬಿಕೊಂಡಿರುತ್ತೇವೆ. ಅಬ್ರಹಾಮನ ನಂಬಿಕೆಯನ್ನು ನಾನು ಇಷ್ಟು ದಿನ ಮೊದಲನೆಯ ಥರ ಓದಿದ್ದೆ. ಅಮ್ಮ ಬೆರಳು ಸಡಿಲಿಸಿದ್ದನ್ನು ಯಾರೂ ಅವಳು ಮಾಡಿದ ಕೆಲಸ ಅನ್ನುವುದಿಲ್ಲ. ಎತ್ತಿದ್ದು ಅವಳ ಬೆರಳಲ್ಲ. ಎಷ್ಟು ಚೆನ್ನಾಗಿ ಬಿಟ್ಟಳು ಅಂತ ನಾನು ನೋಟ್‌ಬುಕ್ಕಿನಲ್ಲಿ ಅಂಕ ಹಾಕಲಿಲ್ಲ. ಮಾರನೆಯ ದಿನ ಮತ್ತೆ ಹೆದರಿ ಹಿಡಿದುಕೊಂಡಳು, ನಾನು ಮತ್ತೆ ಎತ್ತಿದೆ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಅಂತ ಮಾರ್ಕನ ಸುವಾರ್ತೆಯಲ್ಲಿ ಒಬ್ಬ ತಂದೆ ಕೂಗುತ್ತಾನಲ್ಲ, ಅವನ ಮಗನೂ ಅವತ್ತೇ ಗುಣವಾದ.

ಹಾಗಾದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು ಅಂತ ಕೇಳುವವರು ಇದ್ದಾರೆ. ಪೌಲನೇ ರೋಮಾಪುರದ ಪತ್ರಿಕೆಯ 6ನೇ ಅಧ್ಯಾಯದಲ್ಲಿ, ಹಾಗಾದರೆ ಪಾಪ ಮಾಡುತ್ತಲೇ ಇರೋಣವಾ ಅಂತ ಈ ಪ್ರಶ್ನೆ ಎತ್ತಿ, ಎಂದಿಗೂ ಇಲ್ಲ ಅಂತ ಬಾಯಿ ಮುಚ್ಚಿಸುತ್ತಾನೆ. ನನಗೆ ಗೊತ್ತಿರುವುದು ಇಷ್ಟು. ಅಮ್ಮನ ಹಾಸಿಗೆ ಬಟ್ಟೆ ಮೊದಲೂ ಒಗೆಯುತ್ತಿದ್ದೆ, ಆಮೇಲೂ ಒಗೆದೆ. ಕೊನೆಯ ಕೆಲವು ದಿನ ಒಗೆಯುವಾಗ ತಮ್ಮನ ನೆನಪು ಬರಲಿಲ್ಲ. ಎಲ್ಲ ದಿನವೂ ಅಲ್ಲ. ಕೆಲವು ದಿನ.

ಅಮ್ಮ ಹೋಗಿ ಕೆಲವು ತಿಂಗಳಾದ ಮೇಲೆ ತಮ್ಮ ಬಂದಿದ್ದ. ‘ಅಕ್ಕಾ, ಅಮ್ಮನ ಔಷಧಿ ಎಲ್ಲ ಬರೆದಿಡ್ತಿದ್ದೆಯಲ್ಲ, ಆ ನೋಟ್‌ಬುಕ್ ಇದೆಯಾ? ಒಂದ್ಸಲ ನೋಡ್ಬೇಕು’ ಅಂದ. ತರುತ್ತೇನೆ ಅಂತ ಒಳಗೆ ಹೋದೆ. ಹಿಂದಿನ ಪುಟಗಳನ್ನು ಹರಿದುಹಾಕೋಣ ಅಂತ ಹಿಡಿದೆ. ಪಿನ್ ಹೊಡೆದ ಪುಸ್ತಕ ಅದು. ಮೊದಲನೆಯ ಪುಟವೂ ಕೊನೆಯ ಪುಟವೂ ಒಂದೇ ಹಾಳೆ. ಹಿಂದಿನದನ್ನು ಹರಿದರೆ ಮುಂದಿನದೂ ಕಳಚಿಕೊಂಡು ಬರುತ್ತದೆ. ಹಾಗೇ ತಂದುಕೊಟ್ಟೆ.

ಮುಂದಿನಿಂದ ಒಂದೊಂದೇ ಸಾಲು ಓದಿದ. ನೀರು ಕುಡಿಯದ ದಿನ, ಮಾತಾಡದ ದಿನ, ಕೈ ಏಳದ ದಿನ. ಆಮೇಲೆ ಪುಸ್ತಕ ತಿರುವಿದ. ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ. ತುಂಬಾ ಹೊತ್ತು ಅವನು ಏನೂ ಹೇಳಲಿಲ್ಲ. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟ.

‘ಜೂನ್‌ನಲ್ಲಿ ಇಲ್ಲ ಅಂತ ಬರೆದಿದ್ದೀಯ ಅಕ್ಕಾ. ನಾನು ಮಾಡಿದ್ದೆ. ಎರಡು ಸಲ. ನೀನು ಎತ್ತಲಿಲ್ಲ.’

ದೂರುವ ದನಿಯಲ್ಲಿ ಹೇಳಲಿಲ್ಲ. ಕೂಡಿದ್ದು ತಪ್ಪಿದೆ ಅಂತ ತೋರಿಸುವವರ ಹಾಗೆ ಹೇಳಿದ. ನನಗೆ ನೆನಪಿತ್ತು. ಕೈ ಒದ್ದೆಯಾಗಿತ್ತು, ಫೋನಿನ ಮೇಲೆ ಅವನ ಹೆಸರು ಬರುತ್ತಿತ್ತು, ಅದನ್ನು ಮೊಣಕೈಯಿಂದ ಬೋರಲು ಹಾಕಿದ್ದೆ. ಎರಡು ಸಲವೂ.

‘ಹೌದು. ಎತ್ತಲಿಲ್ಲ’ ಅಂದೆ.

‘ಬಿಡಕ್ಕ’ ಅಂದ. ಪುಸ್ತಕವನ್ನು ಮತ್ತೆ ಮುಂದಿನ ಕಡೆಗೆ ತಿರುವಿಕೊಂಡು, ಒಂದು ಮಾತ್ರೆಯ ಹೆಸರು ತೋರಿಸಿ, ‘ನಿನ್ನ ಅಕ್ಷರ ಓದೋಕಾಗ್ತಿಲ್ಲ, ಇದೇನು?’ ಅಂತ ಕೇಳಿದ.